ಹೊಸದುರ್ಗದ ಹತ್ತು ಹಳೇ ಮಷಿನ್‌ಗಳು

ಫೆಬ್ರವರಿ 6, ಗುರುವಾರ

ಹೊಸದುರ್ಗದ ಮಹಾದೇವಮ್ಮನವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಬಂದೆ. ಹತ್ತು ಡೆಸ್ಕ್‌ಟಾಪ್. ಎಲ್ಲವೂ ಹದಿಮೂರು ವರ್ಷದ ಹಿಂದೆ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡವು. ಇದೊಂದು ಸುಖ. ಒಂದನ್ನು ಬಿಚ್ಚಿ ನೋಡಿದರೆ ಉಳಿದ ಒಂಬತ್ತರ ಹಣೆಬರಹವೂ ಗೊತ್ತಾಗುತ್ತದೆ.

ವಿಷಯ ಇಷ್ಟು. ಟೈಪಿಂಗ್ ಪರೀಕ್ಷೆ ಈ ಸಲ ಕಂಪ್ಯೂಟರಿನಲ್ಲಿ. ಪರೀಕ್ಷೆಯವರು ಕಳಿಸಿರುವ ಸಾಫ್ಟ್‌ವೇರ್ ನಾಲ್ಕು ಜಿಬಿ ರ‍್ಯಾಮ್ ಇಲ್ಲದಿದ್ದರೆ ತೆರೆಯುವುದೇ ಇಲ್ಲ. ಇಲ್ಲಿರುವುದು ಎರಡೇ, ಒಂದೊಂದು ಜಿಬಿಯವು ಎರಡು ಸೇರಿ. ಮಾರ್ಚ್ ಮೂರನೇ ತಾರೀಖು ತಪಾಸಣೆಗೆ ಬರುತ್ತಾರೆ. ಹತ್ತೂ ಓಡಿದರೆ ಹೊಸದುರ್ಗಕ್ಕೆ ಸೆಂಟರ್. ಒಂಬತ್ತು ಓಡಿದರೆ ಇಲ್ಲ, ಎಲ್ಲರೂ ಚಿತ್ರದುರ್ಗಕ್ಕೆ ಹೋಗಿ ಎರಡು ದಿನ ಪರೀಕ್ಷೆ ಬರೆಯಬೇಕು.

"ದುರ್ಗ ಏನ್ ಮಹಾ ದೂರ?" ಅಂದೆ. ನಾನು ಚಿತ್ರದುರ್ಗದಿಂದ ಬೆನ್ನಿಗೆ ಬ್ಯಾಗು ಹಾಕಿಕೊಂಡು ಕಂಪ್ಯೂಟರ್ ರಿಪೇರಿಗೆ ನಾಲ್ಕು ಊರು ಸುತ್ತುವವಳು.

ಮಹಾದೇವಮ್ಮ ಮೂಲೆಯ ಮಷಿನ್ನಿನ ಮುಂದೆ ಕುಳಿತಿದ್ದ ಹುಡುಗಿಯನ್ನು ತೋರಿಸಿದರು. ಚೈತ್ರಾ ಅಂತೆ, ಐದು ತಿಂಗಳ ಕೂಸಿನ ತಾಯಿ. "ಊರಾಗೇ ಆದ್ರೆ ಬರ್ದ್ಕಂಬಾ ಅಂದವ್ರೆ ಇವಳ ಅತ್ತೆ. ದುರ್ಗ ಅಂದ್ರೆ ಕೂಸಿನ್ ನೆಪ ಹೇಳಿ ಕೂರಿಸ್ತಾರೆ. ಇಂಥ ಹೆಣ್ಮಕ್ಳು ನನ್ನ ಹತ್ರ ಆರು ಜನ ಅವ್ರೆ, ಯಮುನಾ."

ಚೈತ್ರಾ ಕೀಬೋರ್ಡಿನಿಂದ ಕೈ ತೆಗೆಯದೆ ಹೇಳಿದಳು. "ಹೋದ ವರ್ಷ ಬಸುರಿ ಅಂತ ಬಿಟ್ಟೆ ಅಕ್ಕ. ಪಾಸಾದ್ರೆ ವಕೀಲರ ಆಫೀಸಿನಾಗೆ ಕೆಲಸ ಐತೆ. ಈ ಸಲನೂ ಬಿಟ್ರೆ ಮುಗೀತು ನನ್ನ ಕತೆ."

ಆಯಿತು, ಮಾಡಿಕೊಡುತ್ತೇನೆ ಅಂದೆ. ಬೋರ್ಡು ನೋಡಲು ಕ್ಯಾಬಿನೆಟ್ ಬಿಚ್ಚುವ ಮೊದಲು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಅದು ನನ್ನ ಪದ್ಧತಿ. ಹದಿನೇಳು ವರ್ಷದ ಹಿಂದೆ ನನ್ನನ್ನು ಕೆಲಸಕ್ಕಿಟ್ಟುಕೊಂಡಿದ್ದ ಜಯಕುಮಾರ್ ಸರ್, ಮಷಿನ್ ಬಿಚ್ಚುವ ಹೊತ್ತಿಗೆ ಸರಿಯಾಗಿ ನನ್ನನ್ನು ಟೀ ತರಲು ಅಟ್ಟುತ್ತಿದ್ದರು. ಬಾಗಿಲ ಸಂದಿಯಲ್ಲಿ ಇಣುಕಿ ಇಣುಕಿ ಕಲಿತೆ. ನನಗೆ ಯಾರೂ ಪುಕ್ಕಟೆ ಹೇಳಿಕೊಟ್ಟಿಲ್ಲ. ನಾನ್ಯಾಕೆ ಹೇಳಿಕೊಡಲಿ?

ಫೆಬ್ರವರಿ 10, ಸೋಮವಾರ

ಬೆಂಗಳೂರಿನಿಂದ ಹತ್ತು ರ‍್ಯಾಮ್ ಬಂದವು. ನಾಲ್ಕು ಜಿಬಿಯವು, ಈ ಬೋರ್ಡಿಗೆ ಬೇಕಾದ ಡಿಡಿಆರ್ ತ್ರೀ ಜಾತಿಯವು. ಮನೆಯ ಮಷಿನ್ನಿಗೆ ಒಂದೊಂದಾಗಿ ಹಾಕಿ ನೋಡಿದೆ. ಹತ್ತೂ ಪಾಸ್. ಮಹಾದೇವಮ್ಮನವರಿಗೆ ಫೋನ್ ಮಾಡಿ, "ಆಯ್ತು ಅಂತ ತಿಳ್ಕಳ್ರಿ" ಅಂದೆ.

ಫೆಬ್ರವರಿ 12, ಬುಧವಾರ

ಆಗಲಿಲ್ಲ.

ಮೊದಲನೇ ಮಷಿನ್ನಿಗೆ ಹಾಕಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು, ಉದ್ದಕ್ಕೆ ಬೀಪ್. ಎರಡನೆಯದಕ್ಕೆ ಹಾಕಿದೆ, ಅದೇ. ನಾಲ್ಕನೆಯದರ ಹೊತ್ತಿಗೆ ಬೆನ್ನು ಬೆವೆತಿತ್ತು. ರ‍್ಯಾಮ್ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಒಂದೇ ಮಗ್ಗುಲಲ್ಲಿ ಎಂಟು ಕಪ್ಪು ಚಿಪ್. ಹಿಂಭಾಗ ಬೋಳು.

ನಾಲ್ಕು ಜಿಬಿಯನ್ನು ಎಂಟೇ ಚಿಪ್‌ನಲ್ಲಿ ತುಂಬಿಸಿದ ಹೊಸ ಕಾಲದ ಸಾಮಾನು. ಈ ಹಳೇ ಬೋರ್ಡಿಗೆ ಒಂದು ಚಿಪ್‌ನಿಂದ ಅಷ್ಟು ಓದಲು ಬಾರದು. ಅದೇ ನಾಲ್ಕು ಜಿಬಿಯನ್ನು ಎರಡೂ ಮಗ್ಗುಲಿಗೆ ಎಂಟೆಂಟು, ಒಟ್ಟು ಹದಿನಾರು ಚಿಪ್‌ಗೆ ಹಂಚಿದ್ದರೆ ಓದುತ್ತದೆ. ಉದ್ದ ಒಂದೇ, ಹೆಸರು ಒಂದೇ, ಕಚ್ಚು ಇರುವ ಜಾಗವೂ ಒಂದೇ. ಸ್ಲಾಟಿನಲ್ಲಿ ಟಕ್ಕೆಂದು ಕೂರುತ್ತದೆ. ಕೂತ ಮೇಲೆ ಮೊಂಡು ಹಿಡಿಯುತ್ತದೆ. ನನ್ನ ಮನೆಯ ಮಷಿನ್ ಇವಕ್ಕಿಂತ ನಾಲ್ಕು ವರ್ಷ ಹೊಸದು, ಅದು ಎಲ್ಲವನ್ನೂ ಒಪ್ಪಿಕೊಂಡಿತು. ಹಳೇ ಬೋರ್ಡಿನ ರ‍್ಯಾಮನ್ನು ಹಳೇ ಬೋರ್ಡಿನಲ್ಲೇ ಪರೀಕ್ಷಿಸಬೇಕು ಅನ್ನುವುದು ನನಗೆ ಗೊತ್ತಿರದ ಮಾತಲ್ಲ. ಗೊತ್ತಿತ್ತು, ಮಾಡಲಿಲ್ಲ.

ಬಾಗಿಲು ತೆಗೆದೆ. ಮಹಾದೇವಮ್ಮ, ಚೈತ್ರಾ, ಮೇಘಶ್ರೀ ಅನ್ನುವ ಡಿಗ್ರಿ ಓದುವ ಹುಡುಗಿ ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಕರೆಂಟ್ ಸರಿ ಇಲ್ಲ ನಿಮ್ಮಲ್ಲಿ, ವೋಲ್ಟೇಜ್ ಕಮ್ಮಿ" ಅಂದೆ.

ಸುಳ್ಳು. ಬಸ್ಸು ಹತ್ತಿದ ಮೇಲೂ ನಾಲಿಗೆ ಕಹಿಯಾಗಿತ್ತು.

ಫೆಬ್ರವರಿ 13, ಗುರುವಾರ

ಬೆಂಗಳೂರಿನವನು ವಾಪಸ್ ತೆಗೆದುಕೊಳ್ಳುತ್ತಾನಂತೆ. ಹದಿನಾರು ಚಿಪ್‌ನದ್ದು ಹೊಸದು ಸಿಗಲ್ಲ ಮೇಡಂ, ಹಳೇ ಸಾಮಾನಿನಲ್ಲೇ ಹುಡುಕಿಕೊಳ್ಳಿ ಅಂದ.

ಫೆಬ್ರವರಿ 17, ಸೋಮವಾರ

ಹಿರಿಯೂರು. ಮೂರು ಅಂಗಡಿ, ಒಂದು ಮುಚ್ಚಿದ ಸೈಬರ್ ಸೆಂಟರಿನ ಗೋದಾಮು. ಧೂಳು ಕುಡಿದು ಕುಡಿದು ಗಂಟಲು ಕಟ್ಟಿತು. ನಾಲ್ಕು ಸಿಕ್ಕವು. ಹದಿನಾರರವು, ಎರಡೆರಡು ಸಲ ಎಣಿಸಿದೆ.

ಫೋಟೋ ಸ್ಟುಡಿಯೋದ ವಿನೋದನ ಮಷಿನ್ನಿನಲ್ಲಿ ಇನ್ನೊಂದಿದೆ. ಅದು ಓಡುವ ಮಷಿನ್, ಮದುವೆ ಸೀಸನ್ ಮುಗಿಯಲಿ ಅಂದ. ಬಲವಂತ ಮಾಡಲಿಲ್ಲ.

ಫೆಬ್ರವರಿ 20, ಗುರುವಾರ

ಹೊಳಲ್ಕೆರೆ. ಮಾರ್ಕೆಟ್ ಯಾರ್ಡಿನ ಒಂದು ಮಂಡಿಯಲ್ಲಿ ಗುಮಾಸ್ತ ಕಾಟಲಿಂಗಪ್ಪ ಏಳು ಸತ್ತ ಮಷಿನ್‌ಗಳನ್ನು ಚೀಲಗಳ ಹಿಂದೆ ಸಾಲಾಗಿ ಜೋಡಿಸಿಟ್ಟಿದ್ದಾರೆ. ಪ್ರತಿಯೊಂದರ ನೆತ್ತಿಯ ಮೇಲೆ ಕುಂಕುಮ, ಒಣಗಿದ ನಿಂಬೆಹಣ್ಣು.

"ಇವು ಓಡಲ್ವಲ್ರೀ, ಪೂಜೆ ಯಾಕೆ?" ಅಂದೆ.

"ಓಡ್ದಿದ್ರೇನಮ್ಮ, ಅನ್ನ ಹಾಕಿದ್ವಲ್ಲ. ಆಯುಧಪೂಜೆ ದಿನ ಇವನ್ನ ಬಿಟ್ಟು ಬರೀ ಹೊಸವಕ್ಕೆ ಹೂ ಹಾಕಾಕೆ ನನ್ ಕೈಲಾಗಲ್ಲ."

ಬಿಚ್ಚಲು ಒಪ್ಪಿಸುವ ಹೊತ್ತಿಗೆ ಸಾಕುಸಾಕಾಯಿತು. ಯಾತಕ್ಕೆ, ಯಾರಿಗೆ, ಯಾವ ಊರು ಎಂದು ವರದಿಗಾರನಂತೆ ಕೇಳಿದರು. ಐದು ತಿಂಗಳ ಕೂಸಿನ ತಾಯಿ ಪರೀಕ್ಷೆ ಬರೆಯಬೇಕು ಅಂದದ್ದೇ ತಡ, ಎದ್ದು ತಾವೇ ಚೀಲ ಸರಿಸಿದರು. ಆರು ಸಿಕ್ಕವು. ಬರುವಾಗ ಕೂಸು ಗಂಡೋ ಹೆಣ್ಣೋ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.

ಫೆಬ್ರವರಿ 24, ಸೋಮವಾರ

ಹತ್ತು ರ‍್ಯಾಮ್ ಹಿಡಿದು ಹೊಸದುರ್ಗಕ್ಕೆ. ಎಲ್ಲರನ್ನೂ ಹೊರಗೆ ಕಳಿಸಿ ಒಂದನ್ನು ಶುಚಿ ಮಾಡಿದೆ. ರ‍್ಯಾಮಿನ ಅಂಚಿನಲ್ಲಿ ಚಿನ್ನದ ಬಣ್ಣದ ಗೆರೆಗಳಿರುತ್ತವೆ, ಸ್ಲಾಟಿಗೆ ತಾಗುವುದು ಅವೇ. ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಕಿಲುಬು ಹೋಗುತ್ತದೆ. ಉಜ್ಜಿದೆ, ಕೂರಿಸಿದೆ, ಬಟನ್ ಒತ್ತಿದೆ. ಒಂದೇ ಒಂದು ಚಿಕ್ಕ ಬೀಪ್. ಪರದೆ ಬೆಳಗಿತು, ನಾಲ್ಕು ಜಿಬಿ ತೋರಿಸಿತು. ಒಬ್ಬಳೇ ಕೂತು ನಕ್ಕೆ.

ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು. ಲೈನ್ ರಿಪೇರಿ, ಸಂಜೆಯವರೆಗೆ ಬರುವುದಿಲ್ಲವಂತೆ. ಉಳಿದ ಒಂಬತ್ತನ್ನು ಡಬ್ಬಿಗೆ ಹಾಕಿ ಮಹಾದೇವಮ್ಮನವರ ಕೈಗೆ ಕೊಟ್ಟು, ಶಿವರಾತ್ರಿ ಆದ ಮಾರನೇ ದಿನ ಬರುತ್ತೇನೆ ಅಂದೆ.

ಕೂಸು ಹೆಣ್ಣು. ಕೇಳಿದೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಚಂದ್ರವಳ್ಳಿಯ ಗುಡಿಗೆ ಹೋಗಿದ್ದೆ. ಜನವೋ ಜನ. ವಾಪಸ್ ಬಂದೆ.

ಫೆಬ್ರವರಿ 27, ಗುರುವಾರ

ಡಬ್ಬಿ ತೆಗೆದೆ. ವಿಭೂತಿ ವಾಸನೆ.

ಒಂಬತ್ತೂ ಫಳಫಳ ಹೊಳೆಯುತ್ತಿವೆ. ಚಿನ್ನದ ಗೆರೆಗಳು ಹೊಳೆಯುತ್ತಿವೆ, ಚಿಪ್‌ಗಳ ಸಂದಿಯಲ್ಲೆಲ್ಲ ಬಿಳೀ ಬೂದಿ ಮೆತ್ತಿ ಒಣಗಿದೆ.

"ಇದೇನ್ರೀ ಇದು?"

"ಹಬ್ಬಕ್ಕೆ ಕರಡಿಗೆ ಉಜ್ತಿದ್ವವ್ವ" ಅಂದರು ಮಹಾದೇವಮ್ಮ, ಕೊರಳಿನಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿ ತೋರಿಸುತ್ತ. "ವಿಭೂತಿಗೆ ಒಂಚೂರು ನೀರು ಹಾಕಿ ಉಜ್ಜಿದ್ರೆ ಬೆಳ್ಳಿ ಹೊಸದ್ರಂಗೆ ಆಗ್ತೈತೆ. ಇವುಕ್ಕೂ ಬಂಗಾರದ ನೀರು ಕುಡಿಸಿದಂಗೆ ಇತ್ತು. ಜೊತೆಗೇ ಉಜ್ಜಿಬಿಟ್ವಿ."

"ನಾನೂ ಎರಡು ಉಜ್ಜಿದೆ ಅಕ್ಕ" ಅಂದಳು ಚೈತ್ರಾ, ಹೆಮ್ಮೆಯಿಂದ.

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಅಂದೆ. ನೀರು ಹಾಕಿದ್ರಾ, ಬುದ್ಧಿ ಎಲ್ಲಿ ಅಡ ಇಟ್ಟಿದ್ರಿ, ಎರಡು ತಾಲ್ಲೂಕು ಸುತ್ತಿ ಧೂಳು ತಿಂದು ತಂದಿದ್ದೀನಿ, ನಿಮಗೆ ಯಾರು ಮುಟ್ರಿ ಅಂದ್ರು. ಅರವತ್ತು ದಾಟಿದ ಹೆಂಗಸು ಎನ್ನುವುದನ್ನೂ ನೋಡಲಿಲ್ಲ. ಚೈತ್ರಾ ಗೋಡೆಗೆ ಒರಗಿ ನಿಂತುಬಿಟ್ಟಳು.

ಮಹಾದೇವಮ್ಮ ನಾನು ಮುಗಿಸುವವರೆಗೂ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಅಂದರು. "ನೀನು ನಮ್ಮನ್ನ ಹೊರಗ್ ಕಳಿಸಿದ್ಯಲ್ಲವ್ವ. ಕಿಟಕಿಯಿಂದ ನೋಡ್ದೆ. ಉಜ್ಜೋದು ಕಾಣ್ತು. ಯಾತರಾಗೆ ಉಜ್ಜಿದೆ ಅನ್ನೋದು ಕಾಣ್ಲಿಲ್ಲ. ನಿನಗೆ ಅಷ್ಟು ಕೆಲಸ ಹಗುರಾಗ್ಲಿ ಅಂತ ಮಾಡಿದ್ವಿ."

ಒಂಬತ್ತನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ.

ಒಂಬತ್ತು ರ‍್ಯಾಮ್‌ಗಳ ಬೂದಿ ತೆಗೆಯಲು ಒಬ್ಬಳಿಗೆ ಇಡೀ ದಿನ ಬೇಕು. ಅದಕ್ಕೇ ಮಹಾದೇವಮ್ಮನವರ ಜೊತೆ ಚೈತ್ರಾಳನ್ನೂ ಮೇಘಶ್ರೀಯನ್ನೂ ಒಳಗೆ ಕರೆದು ಕೂರಿಸಿಕೊಂಡೆ. ಸಮಯ ಇರಲಿಲ್ಲ ಅಂತ ಅಷ್ಟೇ, ಬೇರೆ ಕಾರಣವಿಲ್ಲ. ಹಲ್ಲುಜ್ಜುವ ಹಳೇ ಬ್ರಶ್ಶು, ಸ್ಪಿರಿಟ್ಟು, ರಬ್ಬರು. ಮೊದಲು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟು ಇಳೀಲಿ, ಆಮೇಲೆ ರ‍್ಯಾಮ್ ಹಿಡೀರಿ, ಚಿನ್ನದ ಗೆರೆಗೆ ಬೆರಳು ತಾಗಿಸಬೇಡಿ, ಒಂದೇ ದಿಕ್ಕಿಗೆ ಉಜ್ಜಿ ಎಂದೆ. ಸ್ಲಾಟಿನೊಳಗೂ ಬ್ರಶ್ಶು ಆಡಿಸಬೇಕು, ಎರಡು ಕಡೆಯ ಕ್ಲಿಪ್ಪೂ ತಾನಾಗಿ ಮುಚ್ಚಿಕೊಳ್ಳುವವರೆಗೆ ಒತ್ತಬೇಕು ಎಂದು ಕೂರಿಸಿ ತೋರಿಸಿದೆ.

ಮೊದಲು ತಂದವು ಎಂಟು ಚಿಪ್‌ನವು, ಇವು ಹದಿನಾರರವು ಎಂದು ಬಾಯಿತಪ್ಪಿ ಅಂದುಬಿಟ್ಟೆ. ಮೇಘಶ್ರೀಯ ಬಾಯಿ ಸುಮ್ಮನಿರುವುದಿಲ್ಲ. "ಹದಿನಾರೇ ಯಾಕ್ ಬೇಕು ಅಕ್ಕ? ಮೊದಲು ತಂದಿದ್ದು ಎಂಟರದ್ದು ಯಾಕ್ ಆಗ್ಲಿಲ್ಲ? ವೋಲ್ಟೇಜ್ ಅಂದ್ರಿ."

"ವೋಲ್ಟೇಜ್ ಅಲ್ಲ. ನಂದೇ ತಪ್ಪು" ಅಂದೆ. ಮಹಾದೇವಮ್ಮ ತಲೆ ಎತ್ತಿ ನೋಡಿ ಮತ್ತೆ ಬ್ರಶ್ಶು ಹಿಡಿದರು. ಈ ಬೋರ್ಡು ಒಂದೊಂದು ಚಿಪ್‌ನಿಂದ ಇನ್ನೂರೈವತ್ತಾರು ಎಂಬಿ ಮಾತ್ರ ಓದುತ್ತದೆ, ಅಂಥ ಹದಿನಾರು ಸೇರಿದರೆ ನಾಲ್ಕು ಜಿಬಿ ಎಂದು ಬಿಡಿಸಿ ಹೇಳಿದೆ. ಮೇಘಶ್ರೀ ಅಂಗೈ ಮೇಲೆ ಬರೆದುಕೊಂಡಳು.

ಐದು ಗಂಟೆಯ ಹೊತ್ತಿಗೆ ಎಂಟು ಓಡಿದವು. ಒಂಬತ್ತನೆಯದು ಓಡಲಿಲ್ಲ. ನೀರು ಒಳಗೆ ಇಳಿದು ಕೆಟ್ಟಿದೆ. ಅದು ಯಾರು ಉಜ್ಜಿದ್ದು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸೋಮವಾರದ್ದೊಂದು ಸೇರಿ ಒಟ್ಟು ಒಂಬತ್ತು ಮಷಿನ್.

ಫೆಬ್ರವರಿ 28, ಶುಕ್ರವಾರ

ಒಂದು ಬೇಕು. ಇಡೀ ಚಿತ್ರದುರ್ಗದಲ್ಲಿ ಇಲ್ಲ. ಜಯಕುಮಾರ್ ಸರ್ ಮನೆಗೂ ಹೋದೆ, ಆರು ವರ್ಷದ ಮೇಲೆ. ಅವರ ಹತ್ತಿರವೂ ಇಲ್ಲ. ಟೀ ಕುಡಿ ಅಂದರು. ಕುಡಿದು ಬಂದೆ.

ಮಾರ್ಚ್ 1, ಶನಿವಾರ

ಹಿರಿಯೂರಿನ ವಿನೋದ ಕೊನೆಗೆ ಒಪ್ಪಿದ. ಮದುವೆ ಫೋಟೋ ತೆಗೆಯಲು ಹೊರಗೆ ಹೋಗಿದ್ದಾನೆ, ಸೋಮವಾರ ಬೆಳಿಗ್ಗೆ ಏಳಕ್ಕೆ ಸ್ಟುಡಿಯೋ ತೆಗೆದು ಕೊಡುತ್ತಾನಂತೆ. ತಪಾಸಣೆ ಹನ್ನೊಂದಕ್ಕೆ. ಸಾಕಷ್ಟು ಸಮಯವಿದೆ.

ಚೈತ್ರಾ ಮೂರು ಸಲ ಫೋನ್ ಮಾಡಿದಳು. ಮೂರನೇ ಸಲ ಏನೂ ಕೇಳಲಿಲ್ಲ, ಊಟ ಆಯ್ತಾ ಅಕ್ಕ ಅಂದಳು. ಅಷ್ಟಕ್ಕೇ ಯಾಕೆ ಫೋನ್ ಮಾಡಿದಳೋ. ಆಯ್ತು, ನಿಂದಾಯ್ತಾ ಅಂದೆ.

ಮಾರ್ಚ್ 3, ಸೋಮವಾರ

ವಿನೋದ ಏಳಕ್ಕೆ ಅಂದವನು ಎಂಟೂ ಕಾಲಿಗೆ ಬಂದ. ರ‍್ಯಾಮ್ ಬಿಚ್ಚಿಸಿಕೊಂಡು, ಎಣಿಸಿ, ಎದೆಯ ಹತ್ತಿರ ಬ್ಯಾಗು ಅವುಚಿಕೊಂಡು ಹೊಸದುರ್ಗದ ಬಸ್ ಹತ್ತಿದೆ. ಊರು ಬಿಡುವಾಗಲೇ ಎಂಟೂ ಮುಕ್ಕಾಲು.

ಮಾರಿಕಣಿವೆ ಅಣೆಕಟ್ಟು ಇನ್ನೂ ಮುಂದಿದೆ ಅನ್ನುವಾಗ ಚೈತ್ರಾಳ ಫೋನ್. "ಅಕ್ಕ, ಮೂರನೇ ಮಷಿನ್ ಎದ್ದೇಳ್ತಿಲ್ಲ. ನಿನ್ನೆ ಚೆನ್ನಾಗಿತ್ತು. ಈಗ ಬರೀ ಕೂಗ್ತೈತೆ."

"ಹೆಂಗೆ ಕೂಗ್ತೈತೆ?"

"ಉದ್ದಕ್ಕೆ. ನಿಲ್ಸಿ ನಿಲ್ಸಿ."

ಬೂದಿ. ಎಲ್ಲೋ ಸ್ಲಾಟಿನಲ್ಲಿ ಉಳಿದಿದೆ. "ಮುಟ್ಟಬೇಡ" ಅಂದೆ. "ಏನೂ ಮುಟ್ಟಬೇಡ, ನಾನು ಬರ್ತೀನಿ."

"ಸಾಹೇಬ್ರು ಬೇಗ ಬರ್ತಾರಂತೆ ಅಕ್ಕ, ಹತ್ತಕ್ಕೇ…"

ಅಲ್ಲಿಗೆ ಸಿಗ್ನಲ್ ಹೋಯಿತು.

ಈಗ ಓಡುವುದು ಎಂಟು, ಬೇಕಾದದ್ದು ಹತ್ತು. ಸರಿಮಾಡುವ ಕೈ ಇಲ್ಲಿ ಬಸ್ಸಿನಲ್ಲಿ ಕೂತಿದೆ. ಆಗ ಹೊಳೆಯಿತು, ಸರಿಮಾಡುವ ಕೈ ಅಲ್ಲೂ ಇದೆ. ಗುರುವಾರ ಚೈತ್ರಾ ನನ್ನ ಎದುರಿಗೇ ಎರಡು ಸ್ಲಾಟ್ ಶುಚಿ ಮಾಡಿದ್ದಳು. ಬ್ರಶ್ಶು ಅಲ್ಲೇ ಇದೆ, ಸ್ಪಿರಿಟ್ಟೂ ಇದೆ. ಬಿಚ್ಚು, ಮಾಡು ಅಂದಿದ್ದರೆ ಹತ್ತು ನಿಮಿಷದ ಕೆಲಸ. ಮುಟ್ಟಬೇಡ ಅಂದೆ. ನನ್ನ ಬಾಯಿಗೆ ಬೆಂಕಿ ಹಾಕ.

ಫೋನ್ ಕಿಟಕಿಯಿಂದಾಚೆ ಹಿಡಿದೆ, ಸೀಟಿನಿಂದ ಎದ್ದು ನಿಂತು ಹಿಡಿದೆ. ಕಂಡಕ್ಟರ್ ಬೈದ. ಒಂದು ಕಡ್ಡಿ ಬಂದು ಹೋಗುವುದು, ಅಷ್ಟೇ. ಮುಂದೆ ರಸ್ತೆ ಕೆಲಸ, ಬಸ್ಸು ಅರ್ಧ ಗಂಟೆ ನಿಂತಲ್ಲೇ ನಿಂತಿತು. ಹತ್ತಾಯಿತು. ಸಿಗ್ನಲ್ ಬಂದ ಮೇಲೆ ಆರು ಸಲ ಮಾಡಿದೆ, ಅವಳು ಎತ್ತಲಿಲ್ಲ. ಮಹಾದೇವಮ್ಮನವರೂ ಎತ್ತಲಿಲ್ಲ. ನನಗೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಯಾರು ಹೋದ್ರವ್ವಾ ಅಂತ ಕೇಳಿದರು. ಯಾರೂ ಇಲ್ಲ ಅಂದೆ.

ಹೊಸದುರ್ಗದಲ್ಲಿ ಇಳಿದಾಗ ಹನ್ನೊಂದೂ ಹತ್ತು. ಓಡಿದೆ. ಈ ವಯಸ್ಸಿನಲ್ಲಿ, ಸೀರೆ ಎತ್ತಿಕಟ್ಟಿಕೊಂಡು, ಬಸ್ ಸ್ಟ್ಯಾಂಡಿನಿಂದ ಇನ್‌ಸ್ಟಿಟ್ಯೂಟಿನವರೆಗೆ.

ಒಳಗೆ ಕೀಬೋರ್ಡಿನ ಸದ್ದು. ಬಾಗಿಲಲ್ಲಿ ನಿಂತು ಎಣಿಸಿದೆ. ಹತ್ತು ಪರದೆ, ಹತ್ತೂ ಬೆಳಗುತ್ತಿದ್ದವು. ಸಾಹೇಬರು ನೋಡಿ, ಸಹಿ ಹಾಕಿ, ಕಾಫಿ ಕುಡಿದು ಹೋಗಿಯೂ ಆಗಿತ್ತಂತೆ.

ಚೈತ್ರಾ ನನ್ನನ್ನು ನೋಡಿದವಳೇ ಕುರ್ಚಿಯಿಂದ ಎದ್ದು ನಿಂತಳು.

"ಬೈಬ್ಯಾಡ್ರಿ ಅಕ್ಕ. ನೀವು ಮುಟ್ಟಬೇಡ ಅಂದ್ರಿ. ನಾನ್ ಮುಟ್ಟಿಬಿಟ್ಟೆ."

ಮೊದಲು ಬಂದ ಮಾತು ಅದು. ಸೆಂಟರ್ ಸಿಕ್ಕಿತು ಅಂತಲ್ಲ, ಪರೀಕ್ಷೆ ಬರೆಯುತ್ತೇನೆ ಅಂತಲ್ಲ. ಬೈಬ್ಯಾಡ್ರಿ ಅಂತ. ನನ್ನ ಫೋನ್ ಎತ್ತದಿದ್ದದ್ದೂ ಅದೇ ಭಯಕ್ಕಂತೆ. ಕಪಾಳಕ್ಕೆ ಹೊಡೆದ ಹಾಗಾಯಿತು.

ಮೂರನೇ ಮಷಿನ್ನಿನ ಸ್ಲಾಟಿನಲ್ಲಿ ಬೂದಿಯೇ ಇತ್ತು. ತೆಗೆದಿದ್ದಾಳೆ. ಹತ್ತನೆಯದಕ್ಕೆ ರ‍್ಯಾಮ್ ಎಲ್ಲಿಂದ ಬಂತು ಅಂದೆ. ಅದು ಮೇಘಶ್ರೀಯ ಲೆಕ್ಕ. ಒಂದು ಚಿಪ್‌ಗೆ ಇನ್ನೂರೈವತ್ತಾರು ಆದರೆ ಎಂಟು ಚಿಪ್‌ಗೆ ಎರಡು ಜಿಬಿ, ಬೋರ್ಡಿನಲ್ಲಿ ಸ್ಲಾಟ್ ಎರಡಿವೆ, ಎಂಟೆಂಟು ಚಿಪ್‌ನ ಎರಡು ಜಿಬಿಯವು ಎರಡು ಹಾಕಿದರೆ ನಾಲ್ಕು. ಅವಳ ಭಾವನ ಮನೆಯ ಅಟ್ಟದ ಮೇಲಿದ್ದ ಕೆಟ್ಟ ಮಷಿನ್ನಿನಲ್ಲಿ ಅಂಥವೇ ಎರಡಿದ್ದವು. ನಾನು ನಾಲ್ಕರದ್ದೇ ಒಂದು ಬೇಕು ಎಂದು ನಾಲ್ಕು ದಿನ ಎರಡು ಊರು ತಿರುಗಿದೆ. ಇಷ್ಟು ನೇರವಾದದ್ದು ನನ್ನ ತಲೆಗೆ ಬರಲಿಲ್ಲ.

"ಎಲ್ಲಿ, ಬಿಚ್ಚಿ ತೋರ್ಸು" ಅಂದೆ.

ಚೈತ್ರಾ ಹತ್ತನೇ ಮಷಿನ್ ನಿಲ್ಲಿಸಿ, ವೈರು ಕಿತ್ತು, 'ಮೊದಲು ಕಬ್ಬಿಣ' ಎಂದು ತನಗೆ ತಾನೇ ಹೇಳಿಕೊಂಡು ಬಿಚ್ಚಿದಳು. ಬಗ್ಗಿ ನೋಡಿದೆ. ಎರಡೂ ನೆಟ್ಟಗೆ ಕೂತಿದ್ದವು, ನಾಲ್ಕೂ ಕ್ಲಿಪ್ ಮುಚ್ಚಿದ್ದವು, ಗೆರೆಗಳ ಮೇಲೆ ಒಂದು ಬೆರಳಚ್ಚಿಲ್ಲ.

"ನಾನು ಮಾಡಿದ್ದಕ್ಕಿಂತ ಚೊಕ್ಕ ಆಗೈತೆ ಕಣೇ" ಅಂದೆ.

ಆಗ ಅತ್ತಳು. ಸಾಹೇಬರು ಸಹಿ ಹಾಕಿದಾಗ ಕೂಡ ಅತ್ತಿರಲಿಲ್ಲ ಅಂತ ಮೇಘಶ್ರೀ ಹೇಳಿದಳು. ಮಹಾದೇವಮ್ಮ ನನ್ನ ಕೈಗೆ ಕಾಫಿ ಕೊಟ್ಟು, "ನೀನೂ ಕುಂತ್ಕವ್ವ, ಬೆವ್ತೋಗೀಯ" ಅಂದರು.

ಹಿರಿಯೂರಿನ ರ‍್ಯಾಮ್ ಬ್ಯಾಗಿನಲ್ಲೇ ಇದೆ. ನಾಳೆ ವಿನೋದನಿಗೆ ವಾಪಸ್ ಮಾಡಬೇಕು.

ಮಾರ್ಚ್ 11, ಮಂಗಳವಾರ

ಮಾಡದಕೆರೆಯ ಒಂದು ಶಾಲೆಯಿಂದ ಫೋನ್. ಆರು ಹಳೇ ಮಷಿನ್, ಮೆಮೊರಿ ಹೆಚ್ಚಿಸಬೇಕಂತೆ, ಶನಿವಾರ ಬರುತ್ತೀರಾ ಅಂದರು. ಶನಿವಾರ ನನಗೆ ಬೇರೆ ಕೆಲಸವಿಲ್ಲ. ಚೈತ್ರಾಳ ನಂಬರ್ ಕೊಟ್ಟೆ.

ಐದು ನಿಮಿಷಕ್ಕೆ ಅವಳ ಫೋನ್. "ಏನ್ ಅಕ್ಕ ಇದು, ಹೆಡ್‌ಮೇಷ್ಟ್ರು ನನ್ನ ಮೇಡಂ ಅಂತಾರೆ! ನನ್ ಕೈಲಿ ಆಗ್ತೈತಾ?"

"ಆಗ್ತೈತೆ."

"ಪರೀಕ್ಷೆ ಮುಂದಿನ ವಾರ."

"ಒಂದು ಮಧ್ಯಾಹ್ನದ ಕೆಲಸ. ಚಿಪ್ ಎಣ್ಸೋದು ಮರೀಬೇಡ, ಅಷ್ಟೇ."

ಹಿಂದೆ ಕೂಸು ಅಳುವುದು ಕೇಳುತ್ತಿತ್ತು. "ಅತ್ತೆ ಕೂಸು ಎತ್ಕಂಡು ಹೋಗು ಅಂತಾರೆ. ಎತ್ಕಂಡು ಹೋದ್ರೆ ಕೆಲಸ ಹೆಂಗೆ ಮಾಡ್ಲಿ ಅಕ್ಕ, ಯಾರು ಹಿಡ್ಕಂತಾರೆ?"

"ನಾನು ಬರ್ತೀನಿ" ಅಂದೆ. "ನೀನು ಬಿಚ್ಚು. ಕೂಸು ನಾನು ಹಿಡ್ಕಂತೀನಿ."

ಶನಿವಾರ, ಎಂಟೂವರೆ ಬಸ್.